ಎಡಗಣ್ಣಿಗೆ ಕತ್ತಲೆ

ಮಗಳಿಗೆ ಸಿನಿಮಾ ಮಂದಿರದಲ್ಲಿ ಕೆಲಸ ಸಿಕ್ಕಿತ್ತು. ತಡವಾಗಿ ಬಂದವರನ್ನು ಕತ್ತಲೆಯಲ್ಲಿ ಅವರವರ ಸೀಟಿಗೆ ಮುಟ್ಟಿಸಬೇಕು. ಟಾರ್ಚ್ ಹಾಕಿದರೆ ಉಳಿದವರು ಬೈಯುತ್ತಾರೆಂದು ಮ್ಯಾನೇಜರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಮೊದಲ ದಿನವೇ ಅವಳು ಒಬ್ಬ ವಕೀಲರನ್ನು ಹಲ್ಲಿನ ಡಾಕ್ಟರಮ್ಮನ ತೊಡೆಯ ಮೇಲೆ ಕೂರಿಸಿಬಂದಳು. ನಾಳೆಯೂ ಹೀಗಾದರೆ ಕೆಲಸವಿಲ್ಲ ಎಂದರಂತೆ ಮ್ಯಾನೇಜರು.

"ಬಿಸಿಲಿಂದ ಒಳಗೆ ಹೋದ್ರೆ ಏನೂ ಕಾಣಲ್ಲಮ್ಮ," ಎಂದು ಅತ್ತಳು.

ಕಣ್ಣೀರು ಒರೆಸೋಣವೆಂದು ಅವಳ ಎಡಗಣ್ಣಿನ ರೆಪ್ಪೆ ಬಿಡಿಸಿದೆ. ಒಳಗಿಂದ ಯಾರೋ "ಅಜ್ಜೀ" ಎಂದರು.

"ಯಾರಪ್ಪಾ?"

"ಕಡ್ಡಿಕೋಶಗಳು. ಕಣ್ಣಿನ ಹಿಂದಿನ ಪರದೇಲಿ ಇರೋರು. ಮಗಳಿಗೆ ಹುಟ್ಟಿದೋರಿಗೆ ನೀವು ಅಜ್ಜೀನೇ ತಾನೆ?"

ಸಂಬಂಧ ಅಲ್ಲಗಳೆಯುವಂತಿರಲಿಲ್ಲ. "ಎಷ್ಟು ಜನ ಇದ್ದೀರಿ?"

"ಹನ್ನೆರಡು ಕೋಟಿ."

ನನ್ನ ಕೈ ತಾನಾಗಿ ಅನ್ನದ ಪಾತ್ರೆಯ ಮುಚ್ಚಳಕ್ಕೆ ಹೋಯಿತು.

"ಊಟ ಬೇಡ, ಕತ್ತಲೆ ಕೊಡಿ. ನಾವು ಬೆಳಕು ಹಿಡಿಯೋದು ನಮ್ಮೊಳಗಿನ ಒಂದು ಬಣ್ಣದಿಂದ. ಬಿಸಿಲಿಗೆ ಅದು ಮಾಸಿಹೋಗುತ್ತೆ. ಮತ್ತೆ ಕೂಡೋಕೆ ಅರ್ಧ ಗಂಟೆ ಕತ್ತಲೆ ಬೇಕು. ಹಗಲಲ್ಲಿ ದುಡಿಯೋದು ಶಂಕುಕೋಶಗಳು. ಬರೀ ಅರವತ್ತು ಲಕ್ಷ ಜನ, ಬಣ್ಣ ಗುರುತಿಸ್ತೀವಿ ಅಂತ ಜಂಬ."

"ಜಂಬ ಅಲ್ಲ, ಕೆಲಸ," ಎಂದಿತು ಪರದೆಯ ನಡುವಿನಿಂದ ಒಂದು ಶಂಕುಕೋಶ.

"ಜಗಳ ಆಡಬೇಡಿ ಮಕ್ಕಳೇ," ಎಂದೆ. "ಅರ್ಧ ಗಂಟೆ ಯಾವ ಮ್ಯಾನೇಜರು ಕಾಯ್ತಾರೆ?"

"ಹಾಗಾದ್ರೆ ಮೊದಲೇ ನಮ್ಮನ್ನ ಮುಚ್ಚಿಡಿ."

ಎರಡೂ ಕಣ್ಣು ಮುಚ್ಚಿದರೆ ದಾರಿ ಕಾಣದು; ಒಂದನ್ನೇ ಮುಚ್ಚಬೇಕು. ಎಡಗಣ್ಣೇ ಇರಲಿ ಎಂದು ನಾನು ಹೇಳಿದ್ದೇ ತಡ, ಬಲಗಣ್ಣು ಬಾಯಿ ತೆರೆಯಿತು.

"ಓಹೋ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣನಾ ಅಜ್ಜಿ?"

ಮೂರು ಮಕ್ಕಳಿಗೆ ಒಂದೇ ಹಣ್ಣನ್ನು ಅಳೆದು ಕೊಯ್ದು ಹಂಚಿದವಳು ನಾನು. ಆ ಮಾತು ಚುಚ್ಚಿತು. "ದಿನ ಬಿಟ್ಟು ದಿನ ಸರದಿ," ಎಂದೆ.

"ಬರೆದುಕೊಡಿ."

ಬರೆದುಕೊಟ್ಟೆ. ಬಲಗಣ್ಣು ಎರಡು ಸಲ ಓದಿ ಒಪ್ಪಿತು.

ಮರುದಿನ ಮಗಳು ಎಡಗಣ್ಣಿಗೆ ಕಪ್ಪು ಬಟ್ಟೆಯ ಪಟ್ಟಿ ಕಟ್ಟಿಕೊಂಡು ಮಂದಿರದ ಬಾಗಿಲಲ್ಲಿ ನಿಂತಳು. ಒಳಗೆ ಹೋಗಿ ಬಿಚ್ಚಿದರೆ ಎಲ್ಲ ಬೂದುಬಣ್ಣ, ಆದರೆ ಸಾಲು, ಸೀಟು, ಬಿದ್ದ ಕಡಲೆಕಾಯಿ ಸಿಪ್ಪೆ ಕೂಡ ಕಂಡಿತಂತೆ. ಅಂದು ಯಾರೂ ಯಾರ ತೊಡೆಯ ಮೇಲೂ ಕೂರಲಿಲ್ಲ.

ಗುಟ್ಟು ಕೇಳಿದವರಿಗೆಲ್ಲ ಅವಳು ಹೇಳಿಬಿಟ್ಟಳು. ವಾರದೊಳಗೆ ಟಿಕೆಟ್ಟಿನ ಸಾಲಿನಲ್ಲಿ ನಿಂತವರೆಲ್ಲ ಒಂದು ಕಣ್ಣಿಗೆ ಕರವಸ್ತ್ರ ಕಟ್ಟಿ ಒಕ್ಕಣ್ಣರಾಗಿ, ತಮ್ಮ ಸೀಟು ತಾವೇ ಹುಡುಕಿಕೊಂಡರು.

"ಇನ್ನು ನೀನ್ಯಾಕಮ್ಮ ಇಲ್ಲಿ?" ಎಂದರು ಮ್ಯಾನೇಜರು.

"ಕರವಸ್ತ್ರ ಜಾರ್ತಿದೆ ನೋಡಿ ಸಾರ್. ಬೆಳಕು ನುಗ್ಗದ ಹಾಗೆ ಕಟ್ಟೋಕೆ ಬರೋದು ನನಗೊಬ್ಬಳಿಗೇ."

ನಿನ್ನೆ ನೇಮಕದ ಕಾಗದ ಬಂತು. ಹುದ್ದೆ: ಕಣ್ಣುಕಟ್ಟು.

"ಜಾದೂ ಮಾಡ್ತಾಳಾ ನಿಮ್ಮ ಹುಡುಗಿ?" ಎಂದಳು ಪಕ್ಕದ ಮನೆಯಾಕೆ.

"ಹೂಂ, ಸಂಬಳದ ಮೇಲೆ," ಎಂದೆ.