ಬಲಗಡೆಯ ತಗ್ಗು

ಒಂದಾನೊಂದು ಊರಿನಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ ಇದ್ದರು. ಅಣ್ಣನ ಕೈಯಲ್ಲಿ ಕಬ್ಬಿಣವೂ ರೊಟ್ಟಿಹಿಟ್ಟಿನಂತೆ ಮಣಿಯುತ್ತಿತ್ತು. ಕಟ್ಟುಕಥೆಯಲ್ಲ, ನಾನೇ ಕಂಡಿದ್ದೇನೆ. ನಾನು ಒಂದು ಮೋಟರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕು.

ಊರು ಹುಬ್ಬಳ್ಳಿ. ಅಣ್ಣ ಮೌನೇಶ ಹಳೆಯ ಗಾಡಿಗಳ ಸಾಮಾನು ಕೂಡಿಸಿ, ಸಿಗದ್ದನ್ನು ಕೈಯಾರೆ ಮಾಡಿ, ಹೊಸ ಗಾಡಿ ಕಟ್ಟುವವನು. ತಂಗಿ ನೀಲವ್ವನ ಬಲಗಾಲು ಪೋಲಿಯೋದಿಂದ ಸಣಕಲು, ಗಿಡ್ಡ. ಯಾರ ಗಾಡಿಯಲ್ಲೂ ಅವಳಿಗೆ ಹಿಂದಿನ ಸೀಟೇ.

"ನಿನ್ನ ಕಾಲಿಗೆ ಹೊಂದೂ ಗಾಡಿ ಮಾಡಿಕೊಡ್ತೀನಿ. ಮುಂದ ನೀ ಕುಂಡ್ರು, ಹಿಂದ ನಾ," ಎಂದ.

"ಬಿದ್ದರ?"

"ನನ್ನ ಮ್ಯಾಲೇ ಬೀಳ್ತಿ. ಮೆತ್ತಗಿರ್ತೈತಿ ತಗೋ."

ಅವಳ ಎರಡೂ ಮೊಣಕಾಲಿಗೆ ಹಸಿ ಜೇಡಿಮಣ್ಣು ಒತ್ತಿ ಅಚ್ಚು ತೆಗೆದ. ಮರಳು ತುಂಬಿದ ತೊಗಲಿನ ಚೀಲದ ಮೇಲೆ ನನ್ನ ತಗಡನ್ನಿಟ್ಟು ಮರದ ಕೊಡತಿಯಿಂದ ಬಡಿದ. ಜೋರಾಗಿ ಅಲ್ಲ, ಕೂಸಿನ ಬೆನ್ನು ತಟ್ಟುವ ಹಾಗೆ. ಬಡಿಯುವುದು, ಬೆರಳಾಡಿಸುವುದು, ಅಚ್ಚಿಗೆ ಹಿಡಿದು ನೋಡುವುದು, ಮತ್ತೆ ಬಡಿಯುವುದು. ಗಿಡ್ಡ ಕಾಲು ಮಡಚಿದಾಗ ಮೇಲೆ ಬಂದು ಒಳಗೆ ಸರಿಯುತ್ತಿತ್ತು. ಅದಕ್ಕೇ ಮೊಣಕಾಲು ಕೂರಲೆಂದು ಬಡಿದ ತಗ್ಗುಗಳಲ್ಲಿ ಬಲಗಡೆಯದು ಎಡಗಡೆಯದಕ್ಕಿಂತ ಆಳ, ಮೇಲಕ್ಕೂ ಉದ್ದ. ಮುಗಿಯುವ ತನಕ ತಂಗಿ ನೋಡಬಾರದೆಂದು ನನಗೆ ಗೋಣಿಚೀಲ ಹೊದಿಸುತ್ತಿದ್ದ.

ಬಣ್ಣವೊಂದು ಬಾಕಿ ಇದ್ದಾಗ ಕಾಮಾಲೆ ಅವನನ್ನು ಒಯ್ದಿತು.

ಬಣ್ಣ ಹಚ್ಚಿದವನು ಅವನ ಗೆಳೆಯ ದಸ್ತಗೀರ. ಇದು ಹೆಣ್ಣುಮಗಳೊಬ್ಬಳು ಓಡಿಸಲೆಂದು ಕಟ್ಟಿದ ಗಾಡಿ ಎಂದು ಅವನಿಗೆ ಹೊಳೆಯಲೇ ಇಲ್ಲ. ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ.

"ಜಡ್ಡಿನ್ಯಾಗ ಕೈ ತಪ್ಪೇತಿ ದೋಸ್ತಾ. ನಿನ್ನ ಕೆಲಸಕ್ಕ ಯಾರೂ ಹೆಸರಿಡಬಾರದು."

ಬಲಗಡೆಯ ತಗ್ಗಿಗೆ, ತಗಡಿನ ಹಳ್ಳ ತುಂಬುವ ಪುಟ್ಟಿ ಎಂಬ ಲೇಪ ಮೆತ್ತಿ, ತಿಕ್ಕಿ, ಎಡಗಡೆಯದಕ್ಕೆ ಸರಿಸಮ ಮಾಡಿದ. ಮೇಲೆ ಕಪ್ಪು ಬಣ್ಣ, ಬಂಗಾರದ ಗೆರೆ. ಎಷ್ಟು ಚಂದ ಕಂಡೆ! ಬೇಡವೆಂದು ಕೂಗಬೇಕೆನಿಸಿತ್ತು. ನನಗಿರುವುದು ಒಂದೇ ಬಾಯಿ, ಅದಕ್ಕೂ ಮುಚ್ಚಳ.

ಗಾಡಿ ಮನೆಗೆ ಬಂದ ದಿನ ನೀಲವ್ವ ಬಲಗಾಲನ್ನು ಕೈಯಿಂದಲೇ ಎತ್ತಿ ದಾಟಿಸಿ ಕೂತಳು. ಮೊಣಕಾಲು ನನಗೆ ತಾಗಿ ಹೊರಗೆ ಜಾರಿತು. ಒತ್ತಿ ಹಿಡಿದಳು. ಮತ್ತೆ ಜಾರಿತು.

"ಎಲ್ಲಾರಿಗೂ ಮಾಡೂ ಹಂಗ ಮಾಡ್ಯಾನ," ಎಂದಳು. "ನನ್ನ ಕಾಲು ಮರತ."

ಇಳಿದವಳು ಮತ್ತೆ ಹತ್ತಲಿಲ್ಲ.

ಫೋಟೋ ಸ್ಟುಡಿಯೋದವರು ಗಾಡಿಯನ್ನು ಕೊಂಡರು. ಓಡಿಸಲು ಬಾರದವರೆಲ್ಲ ತಂಪು ಕನ್ನಡಕ ಹಾಕಿಕೊಂಡು ಕೂತು ನಕ್ಕರು. ಕೆಳಗೆ ಎಂಜಿನ್ನು ಜಂಗು ಹಿಡಿಯಿತು. ಸ್ಟುಡಿಯೋ ಮುಚ್ಚಿದಾಗ ಗುಜರಿ ಅಂಗಡಿ ಸೇರಿದೆವು. ಅಲ್ಲಿ ಮುದಿ ದಸ್ತಗೀರ ತನ್ನದೇ ಬಂಗಾರದ ಗೆರೆಯನ್ನು ಗುರುತಿಸಿ, ಗಾಡಿಯನ್ನು ಮನೆಗೆ ತಂದ.

ಹೊಸ ಬಣ್ಣಕ್ಕೆಂದು ಕೆರೆದಾಗ ಪುಟ್ಟಿ ಹಪ್ಪಳದಂತೆ ಎದ್ದು ಬಂತು. ಅವನು ಬೆರಳಾಡಿಸಿದ. ಕೊಡತಿಯ ಒಂದು ಪೆಟ್ಟೂ ಅತ್ತಿತ್ತ ಆಗಿರಲಿಲ್ಲ.

"ಕೈ ತಪ್ಪಿಲ್ಲ. ಅಳತಿ ಹಿಡದು ಬಡದಾನ..." ಬೆರಳು ತಗ್ಗಿನ ಮೇಲಂಚಿನ ತನಕ ಹೋಯಿತು. "ಯಾ ಅಲ್ಲಾ, ನೀಲವ್ವನ ಕಾಲು!"

ಅಂದೇ ನೀಲವ್ವನ ಬಾಗಿಲಿಗೆ ನಮ್ಮನ್ನು ತಳ್ಳಿಕೊಂಡು ಬಂದ. ಅವಳ ಕೂದಲು ಬೆಳ್ಳಗಾಗಿತ್ತು.

"ಒಮ್ಮಿ ಕುಂಡ್ರವಾ."

"ಈ ವಯಸ್ಸಿನ್ಯಾಗ? ಮಂದಿ ನಗ್ತಾರ."

"ನಗಲಿ. ಅಂವ ಮಾಡಿದ್ದನ್ನ ನಾ ಮುಚ್ಚಿದ್ದೆ ತಂಗಿ. ಈಗ ತಗದೇನಿ. ಕುಂಡ್ರು."

ಎಂಜಿನ್ನು ಸತ್ತಿದೆ. ಯಾರನ್ನೂ ಎಲ್ಲಿಗೂ ಒಯ್ಯಲಾರೆವು. ಆದರೂ ಅವಳು ಕಾಲನ್ನು ಕೈಯಿಂದೆತ್ತಿ ದಾಟಿಸಿದಳು. ಮೊಣಕಾಲು ಮೇಲೆ ಬಂತು, ಒಳಗೆ ಸರಿಯಿತು, ತಗ್ಗಿನಲ್ಲಿ ನಿಂತಿತು.

ಅವಳು ಹ್ಯಾಂಡಲ್ ಹಿಡಿದಳು. ಆಮೇಲೆ ಕೈ ಹಿಂದೆ ಚಾಚಿ, ಅಣ್ಣ ಕೂರಬೇಕಿದ್ದ ಹರಿದ ಹಿಂದಿನ ಸೀಟನ್ನು ತಡವಿದಳು.

"ಯಣ್ಣಾ, ಹತ್ತು," ಎಂದಳು.