ಲಕ್ಸೆಂಬರ್ಗ್ ಆರು ಸ್ಥಾನ ಇಳಿದ ವರ್ಷ

ಲಕ್ಸೆಂಬರ್ಗಿನ ಎಷ್ ಪಟ್ಟಣದಲ್ಲಿ ಅಪ್ಪ ಕಟ್ಟಿದ ಕಿಟಕಿ ಕಾರ್ಖಾನೆಯನ್ನು ಜೋಸಿಯಾನ್ ಥಿಲ್ ಬಹಳ ವರ್ಷಗಳಿಂದ ನಡೆಸಿಕೊಂಡು ಬಂದಿದ್ದಳು. ಮಾಲೀಕರ ಸಂಘದ ಸಮಿತಿಯಲ್ಲಿದ್ದ ಅವಳ ಮಾತಿಗೆ ತೂಕವಿತ್ತು. ಅದಕ್ಕೇ, ದೇಶದೇಶಗಳ ಆರ್ಥಿಕ ಪೈಪೋಟಿಯ ಪಟ್ಟಿಯಲ್ಲಿ ಲಕ್ಸೆಂಬರ್ಗ್ ಆರು ಸ್ಥಾನ ಇಳಿದಾಗ, ಸಂಘದ ಅಧ್ಯಕ್ಷ ಕಮಿಲ್ ಕೀಫರ್ ಅವಳನ್ನೇ ಹುಡುಕಿಕೊಂಡು ಬಂದ.

ಬೆಲೆ ಏರಿದಾಗಲೆಲ್ಲ ಸಂಬಳವೂ ತಾನಾಗಿ ಏರಬೇಕೆಂಬ ಕಾನೂನೇ ನಮ್ಮನ್ನು ಕೆಳಗೆ ತಳ್ಳಿತು, ಅದನ್ನು ತೆಗೆಯಿರಿ ಎಂದು ಅವಳು ಪತ್ರಕರ್ತರ ಮುಂದೆ ಹೇಳಬೇಕಿತ್ತು. ಬ್ಯಾಂಕಿನವರು ಹೇಳಿದರೆ ಜನ ಉಗಿಯುತ್ತಾರೆ, ಕೈಗೆ ಮರದ ಪುಡಿ ಮೆತ್ತಿದವಳು ಹೇಳಿದರೆ ಕೇಳುತ್ತಾರೆ ಎಂದ ಕೀಫರ್. ಜೋಸಿಯಾನ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಆ ಏರಿಕೆ ಅವಳಿಗೂ ಭಾರವೇ ಆಗಿತ್ತು. ಹೊಸ ಯಂತ್ರ ಕೊಳ್ಳುವ ಆಸೆಯನ್ನು ಕೈಬಿಟ್ಟಿದ್ದಳು.

ಪತ್ರಕರ್ತರನ್ನೂ ಕರೆದಿದ್ದ ಸಂಘದ ಸಭೆಯ ದಿನ ಕೀಫರ್ ಪರದೆಯ ಮೇಲೆ ಪಟ್ಟಿ ತೋರಿಸಿ, ಕೆಲಸಗಾರರನ್ನು ಮುದ್ದು ಮಾಡಿ ಕೆಡಿಸಿದ್ದೇವೆ, ದೇಶವೇ ಸೋಮಾರಿಯಾಗಿದೆ ಎಂದ. ಸಭೆ ಚಪ್ಪಾಳೆ ತಟ್ಟಿತು. ಫ್ರಾನ್ಸಿನ ಗಡಿಯಾಚೆಯಿಂದ ಕೋಳಿ ಕೂಗುವ ಮೊದಲೇ ಹೊರಟು ಬರುವ ತನ್ನ ಕಾರ್ಖಾನೆಯ ಜನರನ್ನು ನೆನೆದು ಜೋಸಿಯಾನ್‌ಗೆ ಮೈ ಉರಿಯಿತು. ಅವಳು ಮೈಕಿನ ಮುಂದೆ ಹೋಗಿ ನಿಂತಳು.

“ಈ ಪಟ್ಟಿ ಹೆಂಗೆ ಮಾಡ್ತಾರೆ ಗೊತ್ತಲ್ಲ? ಒಂದಷ್ಟು ಅಂಕಿಅಂಶ, ಉಳಿದಿದ್ದು ನಮ್ಮಂಥ ಮಾಲೀಕರನ್ನ ಕೇಳಿ ಬರ್ಕೊಳ್ಳೋದು. ದೇಶ ಹಾಳಾಗೋಯ್ತು ಅಂತ ಅವರಿಗೆ ಹೇಳಿದ್ದು ನಾವೇ. ಈಗ ಅದನ್ನೇ ತೋರ್ಸಿ ಅಳ್ತಿರೋರೂ ನಾವೇ.”

“ಸಾಕಮ್ಮ ಜೋಸಿಯಾನ್, ಪೇಪರಿನೋರಿದ್ದಾರೆ” ಎಂದು ಕೀಫರ್ ಪಿಸುಗುಟ್ಟಿದ.

“ಇರ್ಲಿ, ಬರ್ಕೊಳ್ಲಿ. ಸಂಬಳ ಏರೋದು ನಂಗೂ ಕಷ್ಟಾನೇ. ಆದ್ರೆ ನನ್ನ ಜನರ ತಟ್ಟೆಗೆ ಕೈ ಹಾಕಿ ದೇಶಕ್ಕೆ ಮೇಲಿನ ಸ್ಥಾನ ಕೊಡ್ಸೋ ಕೆಲಸ ನನ್ನಿಂದಾಗಲ್ಲ.”

ಮರುವಾರವೇ ಸಂಘದ ಸಮಿತಿಯಿಂದ ಅವಳ ಹೆಸರು ಹೋಯಿತು. ಅವಳಿಂದಲೇ ಕಿಟಕಿ ಕೊಳ್ಳುತ್ತಿದ್ದ ಕೀಫರನ ಕಟ್ಟಡ ಕಂಪನಿ, ಇನ್ನು ಮುಂದೆ ಕಿಟಕಿಗಳನ್ನು ಪೋಲೆಂಡಿನಿಂದ ತರಿಸುತ್ತೇವೆ ಎಂದು ತಿಳಿಸಿತು. ಆ ಪೆಟ್ಟು ಸಣ್ಣದಲ್ಲ. ಮಧ್ಯಾಹ್ನ ಹುರುಳಿಕಾಯಿ ಸೂಪು ಕುಡಿಯುತ್ತಿದ್ದ ಕೆಲಸಗಾರರಿಗೆ ಅವಳು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು.

ಪೋರ್ಚುಗಲ್ ಮೂಲದ ಹಳೆಯ ಮೇಸ್ತ್ರಿ ಅಡೆಲಿನೊ ಚಮಚ ಕೆಳಗಿಟ್ಟ. “ನಮಗೋಸ್ಕರ ಇಷ್ಟೆಲ್ಲ ಕಳ್ಕೊಂಡ್ರಲ್ಲ ಮೇಡಂ.”

“ನಿಮಗೋಸ್ಕರ ಅಂತ ಯಾರಯ್ಯ ಅಂದಿದ್ದು? ನನ್ನನ್ನ ಗಿಣಿ ಮಾಡೋಕೆ ಬಂದ್ರು, ಆಗಲ್ಲ ಅಂದೆ. ಈ ಸಲ ಸಂಘದ ಅಧ್ಯಕ್ಷರ ಚುನಾವಣೆಗೆ ನಾನೂ ನಿಲ್ತೀನಿ.”

“ನಿಮ್ಮ ಓಟೊಂದೇ ಬೀಳೋದು.”

“ಬೀಳ್ಲಿ ಬಿಡು.”

ವಸಂತದಲ್ಲಿ ಅವಳು ಸೋತಳು. ಆದರೆ ಬೇಕರಿ, ಗ್ಯಾರೇಜು ನಡೆಸುವ ಸಣ್ಣಪುಟ್ಟ ಮಾಲೀಕರು ಸೇರಿ ಮೂರರಲ್ಲೊಂದು ಪಾಲು ಮತವನ್ನು ಅವಳಿಗೆ ಹಾಕಿದ್ದರು. ಗೆದ್ದ ಕೀಫರ್ ಹತ್ತಿರ ಬಂದಾಗ, ಮುಂದಿನ ಸಲವೂ ನಿಲ್ಲುವುದಾಗಿ ಹೇಳಿಯೇ ಜೋಸಿಯಾನ್ ಅವನ ಕೈ ಕುಲುಕಿದಳು.