ಪಕ್ಕದ ನಿವೇಶನದ ನಕ್ಷೆ

ಪಕ್ಕದ ಮನೆಗೆ ಹೊಸದಾಗಿ ಬಂದವಳು ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವಳು. ಅವಳು ದಿಂಬಿಗೆ ತಲೆ ಕೊಡುವ ಹೊತ್ತಿಗೇ ಬೇಲಿಯಾಚೆ ಬಡಗಿಯ ಶೆಡ್ಡಿನಲ್ಲಿ ಗರಗಸದ ಮಶೀನು ಶುರುವಾಗುತ್ತಿತ್ತು. ಒಂದೆರಡು ಸಲ ಬಂದು ನಯವಾಗಿಯೇ ಹೇಳಿದಳು. ಬಡಗಿ ತಲೆ ಆಡಿಸಿದ, ಮಶೀನು ನಿಲ್ಲಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಸಮವಸ್ತ್ರ ಕೂಡ ಬದಲಿಸದೆ, ಕೆಂಪು ಕಣ್ಣು ಬಿಟ್ಟುಕೊಂಡು ಬೇಲಿಯ ಹತ್ತಿರ ಬಂದು ನಿಂತಳು.

"ಇದು ಜನ ವಾಸ ಮಾಡೋ ಜಾಗ. ಇಲ್ಲಿ ಮಶೀನು ಹಾಕೋಕೆ ನಿಮಗೆ ಯಾರು ಪರ್ಮಿಷನ್ ಕೊಟ್ಟಿದ್ದು? ನಾನು ನಗರಸಭೆಗೆ ಬರೆದು ಕೊಡ್ತೀನಿ."

ಬಡಗಿ ತಿರುಗಿ ಶೆಡ್ಡಿನೊಳಗೆ ಹೋದ. ಪರ್ಮಿಷನ್ನಿನ ಕಾಗದ ಯಾವುದೂ ಅವನ ಬಳಿ ಇರಲಿಲ್ಲ. ಶೆಡ್ಡು ಅವನ ಅಪ್ಪ ಹಾಕಿದ್ದು. ಆಗ ಸುತ್ತ ಒಂದು ಮನೆಯೂ ಇರಲಿಲ್ಲ, ಪರ್ಮಿಷನ್ ಎಂಬ ಮಾತನ್ನು ಯಾರೂ ಎತ್ತಿರಲಿಲ್ಲ.

ಅಂದಿನಿಂದ ಬಡಗಿಯ ಹೆಂಡತಿಗೆ ನೆಮ್ಮದಿ ಹಾರಿಹೋಯಿತು. ಶೆಡ್ಡಿನ ಕೆಲಸದಲ್ಲಿ ಅರ್ಧ ಅವಳದೇ. ಬಾಗಿಲುಗಳಿಗೆ ಉಪ್ಪುಕಾಗದ ಉಜ್ಜಿ ನುಣುಪು ಮಾಡುವುದು, ಪಾಲಿಶ್ ಹಚ್ಚುವುದು ಅವಳ ಪಾಲು. ಈಗ ಉಜ್ಜುತ್ತಾ ಉಜ್ಜುತ್ತಾ ಕೈ ನಿಂತುಬಿಡುತ್ತಿತ್ತು. ಬೀದಿಯಲ್ಲಿ ಯಾವುದಾದರೂ ಗಾಡಿ ನಿಧಾನ ಮಾಡಿದರೆ ಸಾಕು, ಮೈಯೆಲ್ಲ ಕಿವಿಯಾಗುತ್ತಿತ್ತು. ಮಶೀನಿಗೆ ಬೀಗ ಹಾಕಿದರೆ ಮುಂದೇನು? ಗಂಡನಿಗೆ ಮರ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ತನಗಂತೂ ಅವನ ಮರ ಬಿಟ್ಟರೆ ಏನೂ ಗೊತ್ತಿಲ್ಲ.

ಒಂದು ಸಂಜೆ ಅವಳೇ ಬಾಯಿ ಬಿಟ್ಟಳು. "ರೀ, ನಗರಸಭೇಲಿ ಊರಿನ ನಕ್ಷೆ ಇರುತ್ತಂತೆ. ಯಾವ ಜಾಗ ಮನೆಗೆ, ಯಾವ ಜಾಗ ಕಾರ್ಖಾನೆಗೆ ಅಂತ ಅದರಲ್ಲಿ ಬಣ್ಣ ಹಾಕಿರ್ತಾರಂತೆ. ಕೇಳಿದವರಿಗೆ ಕೊಡ್ತಾರೆ. ಹೋಗಿ ತರ್ತೀನಿ."

"ಸುಮ್ನಿರೇ ಮಾರಾಯ್ತಿ. ನಾವಿರೋದು ಅವರಿಗೆ ನೆನಪೇ ಇಲ್ಲ. ನೀನು ಹೋಗಿ, ಇಲ್ಲಿದ್ದೀವಿ ಬನ್ನಿ ಸ್ವಾಮಿ ಅಂತ ಕರೆದ ಹಾಗಾಗುತ್ತೆ."

"ಆಯಮ್ಮ ಬರೆದು ಕೊಟ್ಟರೆ ಹೇಗೂ ಬರ್ತಾರಲ್ಲ?"

"ಅವಳು ಕೊಟ್ಟಾಗ ನೋಡ್ಕೊಳ್ಳೋಣ."

ಅವನು ಮಾತು ಮುಗಿಯಿತೆಂದು ಎದ್ದುಹೋದ. ಅವಳಿಗೆ ಮುಗಿಯಲಿಲ್ಲ. ಬಡಿಯಲು ಕೈ ಎತ್ತಿದವರು ಹೊಡೆದೇ ಬಿಟ್ಟರೂ ಸಹಿಸಬಹುದು, ಎತ್ತಿದ ಕೈಯನ್ನೇ ನೋಡುತ್ತಾ ಕೂರುವುದು ಅವಳಿಂದ ಆಗಲಿಲ್ಲ. ಮರುದಿನ ಅಂಗಡಿಗೆ ಹೋಗಿ ಬರುತ್ತೇನೆಂದು ಹೇಳಿ ನಗರಸಭೆಯ ಕಡೆಗೆ ಹೋಗುವ ಬಸ್ಸು ಹತ್ತಿದಳು.

ನಗರ ಯೋಜನೆಯ ಶಾಖೆ ಮಹಡಿಯ ಮೇಲೆ, ಉದ್ದ ಪಡಸಾಲೆಯ ಕೊನೆಯಲ್ಲಿತ್ತು. ಗೋಡೆಯ ಮೇಲೆ ಇಡೀ ಊರಿನ ನಕ್ಷೆ. ಅವಳಂಥವರಿಗೆ ಎಟುಕದಷ್ಟು ಎತ್ತರದಲ್ಲಿ ತೂಗುಹಾಕಿದ್ದರು. ಹಳದಿ, ಹಸಿರು, ನೇರಳೆ, ಕೆಂಪು. ತನ್ನ ಬೀದಿ ಎಲ್ಲಿದೆಯೆಂದು ಕತ್ತು ನೋಯುವ ತನಕ ಹುಡುಕಿದಳು, ಸಿಗಲಿಲ್ಲ. ಕೌಂಟರಿನ ಹಿಂದೆ ಕನ್ನಡಕದ ಗುಮಾಸ್ತ ಒಬ್ಬ ಕೂತಿದ್ದ. ಒರಟನಲ್ಲ, ಆದರೆ ತಲೆ ಎತ್ತದೆ ಮಾತಾಡುವ ಅಭ್ಯಾಸದವನು.

"ಏನಮ್ಮಾ ಬೇಕಿತ್ತು?"

"ಭೂಬಳಕೆ ದಾಖಲೆ ಸರ್. ನಕ್ಷೆನೂ ಬೇಕು."

"ಹೆಸರು, ವಿಳಾಸ ಹೇಳಿ." ಅವಳು ಹೆಸರು ಹೇಳಿದಳು, ಬೀದಿ ಹೇಳಿದಳು. "ನಿವೇಶನದ ನಂಬರು?"

ತಮ್ಮ ಶೆಡ್ಡಿನದು ಹದಿನಾಲ್ಕು. ಹದಿನಾಲ್ಕು ಎಂದರೆ ಮುಗಿಯಿತು. ಆ ಅಂಕಿ ಕಾಗದಕ್ಕೆ ಇಳಿಯುತ್ತದೆ, ಕಾಗದ ಒಳಗಿನ ಕೋಣೆಗೆ ಹೋಗುತ್ತದೆ, ಒಳಗಿನಿಂದ ಯಾರೋ ಗಾಡಿ ಹತ್ತಿ ಹೊರಡುತ್ತಾರೆ.

"ಹದಿನೈದು," ಎಂದುಬಿಟ್ಟಳು.

"ನಿಮ್ಮದಾ?"

"ಇಲ್ಲ ಸರ್. ಪಕ್ಕದವರದು."

"ಯಾರು ಬೇಕಾದ್ರೂ ಕೇಳಬಹುದು ಬಿಡಿ," ಎಂದು ಗುಮಾಸ್ತ ಬರೆದುಕೊಂಡ. "ಮುಂದಿನ ವಾರ ಬನ್ನಿ."

ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ತನ್ನ ಜಾಣತನದ ಬಗ್ಗೆ ಸ್ವಲ್ಪ ಹೆಮ್ಮೆಯೇ ಆಯಿತು. ಅಕ್ಕಪಕ್ಕದ ಜಾಗಕ್ಕೆ ಒಂದೇ ಬಣ್ಣ ಇರುತ್ತದೆ, ಅದನ್ನು ನೋಡಿದರೆ ತಮ್ಮದೂ ತಿಳಿಯುತ್ತದೆ, ತಮ್ಮ ನಂಬರು ಎಲ್ಲಿಯೂ ಬರುವುದಿಲ್ಲ.

ಆದರೆ ವಾರ ತುಂಬುವ ಮೊದಲೇ ಬೀದಿಯಲ್ಲಿ ನಗರಸಭೆಯ ಗಾಡಿ ನಿಂತಿತು. ಅಳತೆಪಟ್ಟಿ ಹಿಡಿದ ಇನ್ಸ್‌ಪೆಕ್ಟರ್ ಇಳಿದ. ಬಡಗಿಯ ಹೆಂಡತಿ ಶೆಡ್ಡಿನ ಬಾಗಿಲು ಎಳೆದುಕೊಂಡು ಸಂದಿನಲ್ಲಿ ನೋಡಿದಳು. ಇನ್ಸ್‌ಪೆಕ್ಟರ್ ಅವರ ಗೇಟು ದಾಟಿ ಮುಂದೆ ಹೋಗಿ ನರ್ಸಿನ ಬಾಗಿಲು ತಟ್ಟಿದ. ನಿದ್ದೆಗಣ್ಣಿನಲ್ಲಿ ಹೊರಬಂದ ನರ್ಸು ಬಹಳ ಹೊತ್ತು ಅವನ ಜೊತೆ ಮಾತಾಡಿದಳು. ಅವನು ಹೋದ ಮೇಲೆ ಮೆಟ್ಟಿಲ ಮೇಲೆ ಹಾಗೆಯೇ ಕೂತುಬಿಟ್ಟಳು.

ಮರುದಿನ ಅವಳು ನಗರಸಭೆಗೆ ಹೋದಾಗ ಗುಮಾಸ್ತ ನಕ್ಷೆಯ ಪ್ರತಿಯನ್ನು ಮೇಜಿನ ಮೇಲೆ ಬಿಡಿಸಿಟ್ಟ. ಬೀದಿಯ ಆ ಕಡೆ, ಬಡಗಿಯ ಮನೆಯಿರುವ ಸಾಲೆಲ್ಲ, ವಾಸಕ್ಕೆ ಬಿಟ್ಟ ಹಳದಿ. ಈ ಕಡೆ ಹದಿನಾಲ್ಕೂ ಹದಿನೈದೂ ನೇರಳೆ.

"ನೇರಳೆ ಅಂದ್ರೆ ಸಣ್ಣ ಕೈಗಾರಿಕೆಗೆ ಬಿಟ್ಟ ಜಾಗ," ಎಂದ. "ಮಶೀನು ಹಾಕಬಹುದು, ಗೋದಾಮು ಕಟ್ಟಬಹುದು. ಮನೆ ಕಟ್ಟೋ ಹಾಗಿಲ್ಲ. ನೀವು ಕೇಳಿದ್ರಿ ಅಂತ ದಾಖಲೆ ತೆಗೆದೆ, ನೋಡಿದ್ರೆ ಅಲ್ಲಿ ಮನೆ ಇದೆ. ಹಳೇ ಮಾಲೀಕರು ಏನೂ ಹೇಳದೆ ಮಾರಿದ್ದಾರೆ. ಸ್ಥಳಕ್ಕೆ ಹೋಗಿ ನೋಡ್ಲೇಬೇಕಾಯ್ತು. ಈಗ ಆಯಮ್ಮಂಗೆ ನೋಟಿಸು ಹೋಗುತ್ತೆ."

ತನ್ನ ಗಂಡನ ಶೆಡ್ಡು ಸರಿಯಾದ ಜಾಗದಲ್ಲೇ ಇದೆ. ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ಇಳಿಯಿತು ಕೂಡ, ಆದರೆ ಇನ್ನೊಬ್ಬಳ ಎದೆಯ ಮೇಲೆ.

ಮನೆಗೆ ಬಂದು ನಕ್ಷೆ ತೋರಿಸಿದಾಗ ಬಡಗಿ ತನಗೆ ಹೇಳದೆ ಹೋದದ್ದಕ್ಕೆ ಮೊದಲು ಗುರ್ ಎಂದ, ಆಮೇಲೆ ಗಟ್ಟಿಯಾಗಿ ನಕ್ಕ. "ನಮ್ಮಪ್ಪ ದೊಡ್ಡ ಬುದ್ಧಿವಂತ ಕಣೇ. ಈಗ ಆ ಮಹಾರಾಯ್ತಿ ಬಂದು ಪರ್ಮಿಷನ್ ಕೇಳಲಿ, ಇದನ್ನೇ ಗೋಡೆಗೆ ಅಂಟಿಸ್ತೀನಿ."

"ನಗಬೇಡಿ," ಎಂದಳು. "ಅವರ ಮನೆಗೆ ಗಾಡಿ ಕಳಿಸಿದ್ದು ನಾನು."

ನರ್ಸಿನ ಮನೆಗೆ ಹೋಗಿ ಹೇಳುವ ಧೈರ್ಯ ಬರಲು ಕೆಲವು ದಿನ ಹಿಡಿಯಿತು. ಗೇಟಿನ ತನಕ ಹೋಗುವುದು, ತಿರುಗಿ ಬರುವುದು. ಕೊನೆಗೆ ನರ್ಸೇ ನೋಟಿಸು ಹಿಡಿದುಕೊಂಡು ಬಂದಳು. ಮುಖ ಇಳಿದುಹೋಗಿತ್ತು.

"ಜಾಗದ ಬಳಕೆ ಬದಲಾವಣೆಗೆ ಅರ್ಜಿ ಹಾಕಬಹುದಂತೆ. ಅಕ್ಕಪಕ್ಕದವರು ಆಕ್ಷೇಪಣೆ ಇಲ್ಲ ಅಂತ ಸಹಿ ಮಾಡಬೇಕಂತೆ. ನಿಮ್ಮನ್ನ ಕೇಳೋಕೆ ನನಗೆ ಮುಖ ಇಲ್ಲ. ಬೇರೆ ದಾರಿನೂ ಇಲ್ಲ."

ಬಡಗಿ ಏನೋ ಹೇಳಲು ಬಾಯಿ ತೆರೆದ. ಹೆಂಡತಿ ಅವನಿಗಿಂತ ಮೊದಲು ಮಾತಾಡಿದಳು. ನಗರಸಭೆಗೆ ಹೋಗಿದ್ದು, ಹೆದರಿ ತನ್ನ ನಂಬರಿನ ಬದಲು ಪಕ್ಕದ ನಂಬರು ಹೇಳಿದ್ದು, ಎಲ್ಲವನ್ನೂ ತಲೆ ತಗ್ಗಿಸಿಕೊಂಡು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ನರ್ಸು ನೋಟಿಸನ್ನು ಮಡಚಿದಳು. "ನಾನು ಬಾಯಲ್ಲಿ ಹೇಳಿದ್ದನ್ನ ನೀವು ಮಾಡಿ ತೋರಿಸಿದ್ರಿ," ಎಂದಳು. "ಇದ್ದಬದ್ದದ್ದೆಲ್ಲ ಈ ಮನೆಗೆ ಸುರಿದಿದ್ದೀನಿ. ಗೊತ್ತಾ ನಿಮಗೆ?" ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು ಎನಿಸಿತು ಬಡಗಿಯ ಹೆಂಡತಿಗೆ. ನರ್ಸು ಸಹಿ ತೆಗೆದುಕೊಳ್ಳದೆಯೇ ಹೊರಟುಹೋದಳು.

ಆ ಮಧ್ಯಾಹ್ನ ಬಡಗಿ ಊಟಕ್ಕೆ ಕೂತವನು ತುತ್ತು ಎತ್ತಲಿಲ್ಲ. ಆಮೇಲೆ ಎದ್ದು, ಕೈ ಒರೆಸಿಕೊಂಡು, ಪೆನ್ನು ಹುಡುಕಿದ. ಇಬ್ಬರೂ ಪಕ್ಕದ ಮನೆಗೆ ಹೋದರು. ಅವನು ನಿಂತೇ ಅರ್ಜಿಗೆ ಸಹಿ ಹಾಕಿದ.

"ಅಕ್ಕಾ, ಒಂದು ಮಾತು," ಎಂದ. "ನೀವು ಮಲಗೋ ಹೊತ್ತಲ್ಲಿ ಕೈಕೆಲಸ ಮಾಡ್ಕೊಳ್ತೀನಿ. ನೀವು ಎದ್ದ ಮೇಲೆ ಮಶೀನು ಹಾಕ್ತೀನಿ. ಅದನ್ನ ಆಚೆ ಗೋಡೆ ಕಡೆಗೆ ಎಳೆದು ಕೂರಿಸ್ತೀನಿ. ಈ ಮಾತು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ."

"ನೀವು ಮೊದಲೇ ಕೇಳಿಸ್ಕೊಂಡಿದ್ದರೆ ನಾನೂ ನಗರಸಭೆ ಹೆಸರು ಎತ್ತುತ್ತಿರಲಿಲ್ಲ," ಎಂದಳು ನರ್ಸು.

ವಿಚಾರಣೆಯ ದಿನ ಬಡಗಿಯ ಹೆಂಡತಿ ತಾನಾಗಿಯೇ ನರ್ಸಿನ ಜೊತೆ ನಗರಸಭೆಗೆ ಹೊರಟಳು. ಪಡಸಾಲೆಯ ಬೆಂಚಿನ ಮೇಲೆ ಇಬ್ಬರೂ ನಡುವೆ ಜಾಗ ಬಿಟ್ಟು ಕೂತರು. ಒಳಗೆ ಅಧಿಕಾರಿ ಕಾಗದ ತಿರುವುತ್ತಾ, "ಮಶೀನಿನ ಪಕ್ಕ ಮನೆ ಇದ್ದರೆ ನಾಳೆ ಜಗಳ ಬರಲ್ವಾ?" ಎಂದು ಕೇಳಿದ. ನರ್ಸು ಪಕ್ಕಕ್ಕೆ ತಿರುಗಿದಳು.

"ಬಂದು ಹೋಗಿದೆ ಸರ್," ಎಂದಳು ಬಡಗಿಯ ಹೆಂಡತಿ. "ಮಾತಾಡಿ ಸರಿ ಮಾಡ್ಕೊಂಡಿದ್ದೀವಿ. ಹದಿನಾಲ್ಕನೇ ನಂಬರು ನಮ್ಮದೇ."

ಅಧಿಕಾರಿ ಆ ಅಂಕಿಯನ್ನು ಬರೆದುಕೊಂಡ. ಬರೆದದ್ದು ಸರಿಯಿದೆಯೇ ಎಂದು ಅವಳು ಬಗ್ಗಿ ನೋಡಿದಳು.

ಅಂದು ತೀರ್ಮಾನ ಆಗಲಿಲ್ಲ. ಮಳೆಗಾಲ ಕಳೆದ ಮೇಲೆ ಆದೇಶ ಬಂತು. ಮನೆ ಇರಬಹುದು, ಶೆಡ್ಡಿನ ಸದ್ದಿನ ಬಗ್ಗೆ ಮುಂದೆ ದೂರು ಕೊಡುವಂತಿಲ್ಲ ಎಂಬ ಷರತ್ತಿನ ಮೇಲೆ. ನರ್ಸು ಅದನ್ನು ತಂದು ಶೆಡ್ಡಿನ ಬಾಗಿಲಲ್ಲಿ ನಿಂತು ಓದಿ ಹೇಳಿದಳು. ಬಡಗಿ ಷರತ್ತು ಕೇಳಿ ನಗಲಿಲ್ಲ. ಅವನ ಹೆಂಡತಿ ಅರ್ಧ ಉಜ್ಜಿದ್ದ ಬಾಗಿಲನ್ನು ಪಕ್ಕಕ್ಕೆ ಸರಿಸಿ, ಸ್ಟೂಲಿನ ಮೇಲಿನ ಮರದ ಪುಡಿಯನ್ನು ಸೆರಗಿನಿಂದ ಒರೆಸಿದಳು. ಸ್ವಲ್ಪ ಅನುಮಾನಿಸಿ ನರ್ಸು ಕೂತಳು.